ಹಡಗು ಹತ್ತಿದ ಬಿಯರು, ಊರಲ್ಲೇ ಉಳಿದ ಬಿಯರು

ಕೊಲ್ಲಿ ದೇಶದ ಒಂದು ದೊಡ್ಡ ಹೋಟೆಲಿನಲ್ಲಿ ನಾನು ಬಿಯರು, ವೈನುಗಳ ಉಗ್ರಾಣ ನೋಡಿಕೊಳ್ಳುತ್ತೇನೆ. ಬಂದ ಮಾಲನ್ನು ತಂಪು ಕೋಣೆಗೆ ಸೇರಿಸುವುದು, ಹಳೆಯದು ಮೊದಲು ಖರ್ಚಾಗುವಂತೆ ಜೋಡಿಸುವುದು, ಯಾವುದಾದರೂ ಕೆಟ್ಟಿದೆಯೇ ಎಂದು ಮೂಸಿ ನೋಡಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡು ಹೇಳುವುದು ನನ್ನ ಕೆಲಸ. ಊರಿನಲ್ಲಿ ಇದನ್ನು ಬಿಡಿಸಿ ಹೇಳುವುದು ಕಷ್ಟ. ಶಿಗ್ಗಾವಿಯಲ್ಲಿರುವ ನನ್ನ ಹೆಂಡತಿ, ಕೇಳಿದವರಿಗೆಲ್ಲ ಹೋಟೆಲಿನಲ್ಲಿ ಸ್ಟೋರ್ ಕೀಪರ್ ಎಂದು ಹೇಳಿ ಮಾತು ಮುಗಿಸುತ್ತಾಳೆ.

ನನ್ನ ಕೆಲಸದ ಬಗ್ಗೆ ತೀರದ ಕುತೂಹಲ ಇದ್ದದ್ದು ನನ್ನ ಅಕ್ಕನ ಗಂಡನಿಗೆ. ಅಕ್ಕನ ಗಂಡನನ್ನು ನಮ್ಮ ಮನೆಯಲ್ಲಿ ಮಾವ ಎಂದೇ ಕರೆಯುತ್ತೇವೆ. ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಲ್ಲಿ ಅವರ ಮನೆ. ಸ್ವಂತದ್ದೊಂದು ಗೂಡ್ಸ್ ಗಾಡಿ ಇಟ್ಟುಕೊಂಡಿದ್ದಾರೆ. ಬೇಸಿಗೆ ಬಂತೆಂದರೆ ಹಾನಗಲ್ ಸುತ್ತಿನ ತೋಟಗಳಿಂದ ಮಾವಿನ ಹಣ್ಣಿನ ಕ್ರೇಟುಗಳನ್ನು ಹೊರುತ್ತಾರೆ. ಉಳಿದ ದಿನಗಳಲ್ಲಿ ಸವಣೂರಿನ ವೀಳ್ಯದೆಲೆ, ಗೋವಿನಜೋಳ, ಸಿಮೆಂಟು, ಏನು ಸಿಕ್ಕರೆ ಅದು. ಸಂಜೆ ಗಾಡಿ ನಿಲ್ಲಿಸಿ ಕೀಲಿಯನ್ನು ಅಕ್ಕನ ಕೈಗೆ ಕೊಟ್ಟ ಮೇಲೆ ಒಂದು ಬಾಟ್ಲಿ ಬಿಯರು ಕುಡಿಯುವುದು ಬಿಟ್ಟರೆ ಅವರಿಗೆ ಬೇರೆ ಚಟವಿಲ್ಲ.

ಹೋಟೆಲಿಗೆ ಮೊದಲ ಸಲ ನಮ್ಮ ರಾಜ್ಯದಲ್ಲೇ ತಯಾರಾದ ಬಿಯರಿನ ಪೆಟ್ಟಿಗೆಗಳು ಬಂದಾಗ ನಾನು ಅವರಿಗೇ ಫೋನು ಮಾಡಿ ಹೇಳಿದ್ದೆ. ಮಾವ ದಿನಾ ಕುಡಿಯುವ ಅದೇ ಹೆಸರಿನ ಬಿಯರು, ಡಬ್ಬಿಯ ಮೇಲೆ ಅದೇ ಚಿತ್ರ. ಒಂದು ಡಬ್ಬಿ ಒಡೆದು ಕುಡಿದರೆ ರುಚಿ ಮಾತ್ರ ಬೇರೆ. ಹಾನಗಲ್ಲಿನಲ್ಲಿ ಗೆಳೆಯರ ಜೊತೆ ಕುಡಿಯುತ್ತಿದ್ದಾಗ ಗಂಟಲಿಗೆ ಬಡಿಯುತ್ತಿದ್ದ ಖಾರ ಇದರಲ್ಲಿರಲಿಲ್ಲ. ತಿಳಿಯಾಗಿತ್ತು. ಕಹಿ ನಿಧಾನವಾಗಿ ಬಂದು ನಿಧಾನವಾಗಿ ಹೋಗುತ್ತಿತ್ತು. ಊರು ಬಿಟ್ಟು ಬಂದವನ ನಾಲಿಗೆಯೇ ಬದಲಾಗಿರಬೇಕು ಎಂದು ನಾನು ಅಂದುಕೊಂಡಿದ್ದೆ.

ಮಾವ ಒಪ್ಪಲಿಲ್ಲ. ಅವರ ಲೆಕ್ಕ ಮಾವಿನ ಹಣ್ಣಿನದು. ತೋಟದಲ್ಲಿ ಹಣ್ಣು ಆರಿಸುವಾಗ ಕಲೆಯಿಲ್ಲದ್ದು, ಒಂದೇ ಗಾತ್ರದ್ದು ಎಲ್ಲ ಹೊರದೇಶದ ಪೆಟ್ಟಿಗೆಗೆ ಹೋಗುವುದನ್ನು ಅವರು ಜೀವನವಿಡೀ ನೋಡಿದ್ದಾರೆ. ಅವತ್ತು ಫೋನಿನಲ್ಲಿ ಅವರು ಹೇಳಿದ್ದು ನನಗೆ ಹಾಗೇ ನೆನಪಿದೆ.

"ಒಳ್ಳೇದೆಲ್ಲಾ ಹಡಗು ಹತ್ತತೈತಿ ತಮ್ಮಾ. ನಮಗ ಉಳಿಯೂದು ಗಿಣಿ ಕಚ್ಚಿದ್ದು. ಬಿಯರೂ ಹಂಗ. ಬರೋವಾಗ ಅಲ್ಲಿದ್ದು ಎರಡ್ ಡಬ್ಬಿ ತೊಗೊಂಡ್ ಬಾ, ಎರಡೂ ಬಾಜೂಕಿಟ್ಟು ಕುಡದು ನೋಡೂಣು."

ಹಾಗಾಗಿ ಈ ಬೇಸಿಗೆಯಲ್ಲಿ ರಜೆಗೆ ಬರುವಾಗ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಅದೇ ಬಿಯರಿನ ಡಬ್ಬಿಗಳನ್ನು ಕೊಂಡು ತಂದೆ. ಶಿಗ್ಗಾವಿಯ ಮನೆಯಲ್ಲಿ ಸ್ವಲ್ಪ ದಿನ ಇದ್ದು, ಅಕ್ಕನನ್ನು ನೋಡಲು ಚಿಕ್ಕೇರೂರಿಗೆ ಹೋದೆ. ಮಾವನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟೆ. ಕೊರಳಿನ ಎಲುಬು ಎದ್ದು ಕಾಣುತ್ತಿತ್ತು, ಅಂಗಿ ಬೇರೆ ಯಾರದೋ ಎಂಬಂತೆ ಜೋಲುತ್ತಿತ್ತು. ಸೀಜನ್ನಿನಲ್ಲಿ ಊಟ ನಿದ್ದೆ ಎರಡೂ ಸರಿಯಾಗಿ ಆಗುವುದಿಲ್ಲ, ಮಳೆ ಬಿದ್ದ ಮೇಲೆ ಮೈ ತುಂಬುತ್ತದೆ ಎಂದು ಅಕ್ಕ ಅಂದಳು. ನಾನೂ ನಂಬಿದೆ.

ಸಂಜೆ ಹಿತ್ತಲಲ್ಲಿ ಹಗ್ಗದ ಮಂಚ ಹಾಕಿಕೊಂಡು ಕುಳಿತೆವು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ನನ್ನ ಡಬ್ಬಿಗಳು ಅಕ್ಕನ ಫ್ರಿಜ್ಜಿನಲ್ಲಿ ತಣ್ಣಗಾಗಿದ್ದವು. ಮಾವ ಊರಿನ ಬಾಟ್ಲಿಗಳನ್ನು ಓಣಿಯ ಕೊನೆಯ ಕಿರಾಣಿ ಅಂಗಡಿಯಿಂದ ತಂದಿದ್ದರು. ಆ ಅಂಗಡಿಯ ಹೆಣ್ಣುಮಗಳು ಸಕ್ಕರೆ, ಸಾಬೂನಿನ ಜೊತೆಗೆ ಕದ್ದುಮುಚ್ಚಿ ಬಿಯರನ್ನೂ ಮಾರುತ್ತಾಳೆ. ಪರವಾನಗಿಯ ಅಂಗಡಿಗೆ ಅಷ್ಟು ದೂರ ಹೋಗಲಾರದವರೆಲ್ಲ ಅವಳ ಗಿರಾಕಿಗಳು. ಮಾವ ಬಾಟ್ಲಿಗಳನ್ನು ಬರ್ಫದ ಬಕೀಟಿನಲ್ಲಿ ಮುಳುಗಿಸಿ ಇಟ್ಟಿದ್ದರು.

ಮೊದಲು ಡಬ್ಬಿಯದನ್ನು ಕುಡಿದೆವು. ಮಾವ ಕಣ್ಣು ಮುಚ್ಚಿಕೊಂಡು ರುಚಿ ನೋಡಿದರು, ನೀರಿನ ಹಾಗೆ ಇಳಿಯುತ್ತದೆ ಎಂದರು. ಆಮೇಲೆ ಊರಿನ ಬಾಟ್ಲಿ. ಮುಚ್ಚಳಕ್ಕೆ ತುಕ್ಕು ಹಿಡಿದಿತ್ತು, ಒಂದು ಕಡೆ ಸ್ವಲ್ಪ ಬಾಗಿಯೂ ಇತ್ತು. ನಾನು ಗ್ಲಾಸಿಗೆ ಬಗ್ಗಿಸಿಕೊಂಡು ಮೂಸಿದೆ. ತೊಯ್ದ ರಟ್ಟಿನ ವಾಸನೆ. ಅದರ ಹಿಂದೆ ಮೂಗನ್ನು ಸುಡುವಂಥ ಇನ್ನೇನೋ. ಒಂದು ಗುಟುಕು ನುಂಗಿದೆ. ಇನ್ನೊಂದನ್ನು ಬಾಯಲ್ಲೇ ಇಟ್ಟುಕೊಂಡು, ಅರ್ಧ ನುಂಗಿ ಅರ್ಧ ಉಗುಳಿದೆ. ಇದು ಸರಿಯಿಲ್ಲ, ಕುಡಿಯಬೇಡಿ ಎಂದೆ. ಮಾವ ನಕ್ಕರು. ಇಲ್ಲಿಯದು ಹೀಗೇ ಇರುವುದು, ನಿನ್ನ ಬಾಯಿ ಸಾಹೇಬರ ಬಾಯಾಗಿದೆ ಎಂದು ನನ್ನ ಗ್ಲಾಸನ್ನೂ ಸೇರಿಸಿ ಮುಗಿಸಿದರು. ತಮ್ಮ ಮಾತು ರುಜುವಾತಾಯಿತು ಎಂಬ ಸಂತೋಷ ಅವರಿಗೆ. ಊಟ ಮಾಡಿ, ಒಂದು ತಂಬಿಗೆ ನೀರನ್ನು ಒಂದೇ ಸಲಕ್ಕೆ ಕುಡಿದು ಮಲಗಿದರು.

ಬೆಳಿಗ್ಗೆ ನಾನು ಚಹಾ ಕುಡಿಯುತ್ತಿದ್ದಾಗ ಮಾವ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತರು. ಎದುರಿನ ಬೇವಿನ ಮರವನ್ನು ನೋಡಿದರು, ಕಣ್ಣುಜ್ಜಿಕೊಂಡರು, ಮತ್ತೆ ನೋಡಿದರು.

"ಇವತ್ತೇನು ಮಂಜು ಬಿದ್ದೈತೇನೋ? ಎಲ್ಲಾ ಹಾಲಿನಾಗ ಅದ್ದಿದಂಗ ಕಾಣಾಕತ್ತೈತಿ" ಎಂದರು.

ಮೇ ತಿಂಗಳ ಬಿಸಿಲು ಅಂಗಳದಲ್ಲಿ ಸುಡುತ್ತಿತ್ತು.

ಚಹಾದ ಕಪ್ಪನ್ನು ಕೆಳಗಿಟ್ಟು ನಾನು ಎದ್ದು ನಿಂತೆ. ಯಾಕೆಂದರೆ ಆ ಮಾತನ್ನು ನಾನು ಮೊದಲೊಮ್ಮೆ ಕೇಳಿದ್ದೆ. ನಮ್ಮ ಹೋಟೆಲಿನಲ್ಲಿ ಬಟ್ಟೆ ಒಗೆಯುವ ವಿಭಾಗದ ಒಬ್ಬ ಕೆಲಸಗಾರ ಎಲ್ಲೋ ಕಳ್ಳ ಸಾರಾಯಿ ಕುಡಿದು ಬಂದಿದ್ದ. ರಾತ್ರಿ ಚೆನ್ನಾಗಿಯೇ ಇದ್ದವನು ಮರುದಿನ ಹಾಸಿಗೆಯ ಮೇಲೆ ಕುಳಿತು, ಕೋಣೆಯಲ್ಲಿ ಯಾಕೆ ಹೊಗೆ ತುಂಬಿದೆ, ಎಲ್ಲಾ ಬೆಳ್ಳಗೆ ಯಾಕಿದೆ ಎಂದು ಕೇಳಿದ್ದ. ಸಂಜೆಯ ಹೊತ್ತಿಗೆ ಅವನಿಗೆ ಏನೂ ಕಾಣುತ್ತಿರಲಿಲ್ಲ. ಅವನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ಊರಿಗೆ ಕಳಿಸುವಾಗ, ವಿಮಾನದ ಚೀಟಿಯನ್ನು ಅವನ ಜೇಬಿಗೆ ಇಟ್ಟವನು ನಾನು. ಅಮಲಿಗಾಗಿ ಸೇರಿಸುವ ಒಂದು ಬಗೆಯ ಸ್ಪಿರಿಟ್ಟು ಮೊದಲು ಕಣ್ಣು ತೆಗೆಯುತ್ತದೆ, ಆಮೇಲೆ ಜೀವ ತೆಗೆಯುತ್ತದೆ ಎಂದು ಆಗ ತಿಳಿದಿದ್ದೆ.

ತುಕ್ಕು ಹಿಡಿದ ಮುಚ್ಚಳ, ಬಾಗಿದ ಅಂಚು, ಮೂಗು ಸುಟ್ಟ ವಾಸನೆ ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಯಾರೋ ಮುಚ್ಚಳ ಬಿಚ್ಚಿ, ಏನನ್ನೋ ಬೆರೆಸಿ, ಮತ್ತೆ ಒತ್ತಿದ್ದಾರೆ ಎಂದು ನನ್ನ ಮನಸ್ಸಿನಲ್ಲಿ ಗಟ್ಟಿಯಾಯಿತು. ಆಮೇಲೆ ಅದಕ್ಕಿಂತ ಬೇರೆ ಯೋಚನೆ ಬರಲೇ ಇಲ್ಲ.

ಅಕ್ಕನನ್ನು ಒಳಗೆ ಕರೆದು ಹೇಳಿದೆ. ಅವಳು ಅಳಲಿಲ್ಲ. ಗೂಟಕ್ಕೆ ಹಾಕಿದ್ದ ಗಾಡಿಯ ಕೀಲಿ ತೆಗೆದು ನನ್ನ ಕೈಗಿಟ್ಟಳು. ಹೊರಡುವ ಮೊದಲು ನಾನು ಓಡಿಹೋಗಿ ಕಿರಾಣಿ ಅಂಗಡಿಯ ಹೆಣ್ಣುಮಗಳಿಗೆ ಒಂದು ಬಾಟ್ಲಿಯನ್ನೂ ಮಾರಬೇಡ, ಅದರಲ್ಲಿ ವಿಷ ಇರಬಹುದು ಎಂದೆ. ಅವಳು ನಿನ್ನೆ ಇನ್ನೂ ಯಾರು ಯಾರಿಗೆ ಕೊಟ್ಟೆ ಎಂದು ಬಾಯಲ್ಲೇ ಹೆಸರುಗಳನ್ನು ಹೇಳಿಕೊಳ್ಳುತ್ತಾ ನಿಂತಿದ್ದಳು. ಅದರಲ್ಲಿ ಅವಳ ಸ್ವಂತ ಅಣ್ಣನ ಹೆಸರೂ ಇತ್ತು.

ಮಾವನ ಗಾಡಿಯಲ್ಲಿ ಮೂವರೂ ಮುಂದೆಯೇ ಕುಳಿತೆವು. ಅಕ್ಕ ನಡುವೆ, ಮಾವ ಕಿಟಕಿಯ ಪಕ್ಕ. ನಾನು ಇರುವ ದೇಶದಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ. ನಾನು ಊರಿನ ರಸ್ತೆಯಲ್ಲಿ ಸ್ಟಿಯರಿಂಗ್ ಹಿಡಿದು ವರ್ಷಗಳೇ ಆಗಿದ್ದವು. ಎಡಕ್ಕೆ, ಎಡಕ್ಕೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಹೊರಟೆ. ಹಾನಗಲ್ಲಿನಲ್ಲಿ ಗೊತ್ತಿದ್ದ ಒಂದು ಸಣ್ಣ ದವಾಖಾನೆಯ ಮುಂದೆ ನಿಲ್ಲಿಸಿ ಒಳಗೆ ಹೋಗಿ, ಕೆಟ್ಟ ಬಿಯರು ಕುಡಿದಿದ್ದಾರೆ, ಕಣ್ಣು ಕಾಣುತ್ತಿಲ್ಲ ಎಂದೆ. ಅಲ್ಲಿನ ಡಾಕ್ಟರು ಮಾತು ಬೆಳೆಸಲಿಲ್ಲ. ಅದಕ್ಕೆ ಬೇಕಾದ ಔಷಧಿ, ರಕ್ತ ಶುದ್ಧ ಮಾಡುವ ಯಂತ್ರ ಎಲ್ಲ ಹುಬ್ಬಳ್ಳಿಯಲ್ಲೇ ಸಿಗುವುದು, ಇಲ್ಲಿ ಒಂದು ಗಳಿಗೆಯೂ ನಿಲ್ಲಬೇಡಿ ಎಂದರು.

ಹಾನಗಲ್ ದಾಟಿದ ಮೇಲೆ ಬಂಕಾಪುರದ ರಸ್ತೆ ಹಿಡಿದೆ. ಮಾವ ಮತ್ತೆ ಮತ್ತೆ ನೀರು ಕೇಳುತ್ತಿದ್ದರು. ಅಕ್ಕ ಬಾಟ್ಲಿ ಕೊಡುತ್ತಿದ್ದಳು. ಅಷ್ಟರಲ್ಲಿ ನನಗೆ ನನ್ನದೇ ಗುಟುಕು ನೆನಪಾಯಿತು. ನಾನೂ ಕುಡಿದಿದ್ದೆ. ಒಂದೂವರೆ ಗುಟುಕು. ವಿಷಕ್ಕೆ ಅಷ್ಟು ಸಾಕೇ, ಸಾಲದೇ, ಯಾರಿಗೆ ಗೊತ್ತು? ರಸ್ತೆಯ ಪಕ್ಕದ ಬೋರ್ಡುಗಳನ್ನು ದೂರದಿಂದಲೇ ಓದಲು ಶುರುಮಾಡಿದೆ. ಗೊಬ್ಬರದ ಅಂಗಡಿಯ ಹೆಸರು, ಮೈಲಿಗಲ್ಲಿನ ಅಕ್ಷರ, ಮುಂದಿನ ಲಾರಿಯ ನಂಬರು. ಒಂದು ಕಣ್ಣು ಮುಚ್ಚಿ ಓದಿದೆ, ಇನ್ನೊಂದು ಮುಚ್ಚಿ ಓದಿದೆ. ಬಿಸಿಲಿಗೆ ಡಾಂಬರು ಹೊಳೆದು ದೂರದ್ದೆಲ್ಲ ನೀರಿನಂತೆ ನಡುಗುತ್ತಿತ್ತು. ಅದು ಬಿಸಿಲೋ ನನ್ನ ಕಣ್ಣೋ ತಿಳಿಯಲಿಲ್ಲ.

ಅಕ್ಕ ನನ್ನನ್ನೇ ನೋಡುತ್ತಿದ್ದಳು. ತಗ್ಗಿದ ದನಿಯಲ್ಲಿ ಕೇಳಿದಳು:

"ತಮ್ಮಾ, ನೀನೂ ಅದನ್ನ ಕುಡದೀಯೇನು?"

ನಾನು ಮುಂದಿನ ಬೋರ್ಡನ್ನು ಓದಿದೆ. ಅವಳು ತನ್ನ ಒಂದು ಕೈಯಿಂದ ಮಾವನ ಮಣಿಕಟ್ಟು ಹಿಡಿದಿದ್ದಳು, ಇನ್ನೊಂದು ಕೈಯನ್ನು ನನ್ನ ಮೊಣಕಾಲ ಮೇಲೆ ಇಟ್ಟಳು. 

ಒಂದು ತಿರುವಿನಲ್ಲಿ ನನಗೆ ಏನಾಯಿತೋ, ಗಾಡಿ ಬಲಕ್ಕೆ ಹೋಯಿತು. ಅಭ್ಯಾಸದ ಕೈ. ಎದುರಿಗೆ ಬಸ್ಸು ಬರುತ್ತಿತ್ತು. ಅದರ ಹಾರ್ನು ಕಿವಿ ತುಂಬಿತು. ಕಣ್ಣು ಕಾಣದ ಮಾವ ಆ ಸಪ್ಪಳದಿಂದಲೇ ತಿಳಿದು, ಅಕ್ಕನನ್ನು ದಾಟಿ ಕೈಚಾಚಿ ಸ್ಟಿಯರಿಂಗನ್ನು ತಮ್ಮ ಕಡೆ ಎಳೆದರು. ಬಸ್ಸು ಕನ್ನಡಿಯನ್ನು ಸವರಿಕೊಂಡು ಹೋಯಿತು. ಗಾಡಿ ರಸ್ತೆಯ ಪಕ್ಕದ ಮಣ್ಣಿನಲ್ಲಿ ಇಳಿದು ನಿಂತಿತು.  

ಆಗ ಅಕ್ಕ ಸವಣೂರಿನ ಸಾಹೇಬರಿಗೆ ಫೋನು ಹಚ್ಚಿದಳು. ಅವರು ಹಣ್ಣಿನ ವ್ಯಾಪಾರಿ, ಮಾವನ ಗಾಡಿಯಲ್ಲೇ ಅವರ ಮಾಲು ಹೋಗುವುದು. ಸೀಜನ್ನಿನ ತುಂಬ ಇಬ್ಬರೂ ಒಟ್ಟಿಗೇ ತೋಟ ತಿರುಗುತ್ತಾರೆ. ನಾವು ಹೇಗೋ ತೆವಳಿಕೊಂಡು ಬಂಕಾಪುರ ಮುಟ್ಟುವಷ್ಟರಲ್ಲಿ ಸಾಹೇಬರು ಮೋಟಾರ್ ಸೈಕಲ್ಲಿನಲ್ಲಿ ಬಂದು ರಸ್ತೆಯ ಪಕ್ಕ ಕಾಯುತ್ತಿದ್ದರು. ಏನು ಕುಡಿದಿರಿ, ಯಾಕೆ ಕುಡಿದಿರಿ ಎಂದು ಒಂದು ಮಾತೂ ಕೇಳಲಿಲ್ಲ. "ನೀವು ಹಿಂದ ಹೋಗ್ರಿ, ನಾ ನಡಸ್ತೇನಿ" ಎಂದು ನನ್ನನ್ನು ಇಳಿಸಿದರು. ನಾನು ಹಿಂದಿನ ಡಬ್ಬದಲ್ಲಿ ಖಾಲಿ ಕ್ರೇಟುಗಳ ನಡುವೆ ಕುಳಿತೆ. ಅಲ್ಲಿಂದ ಮಾವನ ತಲೆಯ ಹಿಂಭಾಗ ಮಾತ್ರ ಗಾಜಿನೊಳಗೆ ಕಾಣುತ್ತಿತ್ತು. ಅದು ಮೆಲ್ಲಗೆ ಅಕ್ಕನ ಹೆಗಲಿಗೆ ಒರಗಿತು. ಎಷ್ಟು ಹೊತ್ತಾದರೂ ಮೇಲೇಳಲಿಲ್ಲ.

ನಾನು ಗಾಜು ಬಡಿದೆ. ಅಕ್ಕ ತಿರುಗಿ ನೋಡಿದಳು. ಅವಳ ಬಾಯಿ ಅಲುಗುತ್ತಿತ್ತು, ಮಾತು ಕೇಳಿಸಲಿಲ್ಲ.

ಹೆಂಡತಿಗೆ ಫೋನು ಮಾಡಿ ಸ್ಥಿತಿ ಹೇಳಿದೆ. ಹುಬ್ಬಳ್ಳಿಯವರೆಗೂ ಹೀಗೇ ಕರೆದೊಯ್ಯಬೇಡಿ, ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಬ್ಬ ಲೇಡಿ ಡಾಕ್ಟರ ಆಸ್ಪತ್ರೆ ಇದೆ, ಮೊದಲು ಅಲ್ಲಿ ತೋರಿಸಿ, ನಾನು ಹೋಗಿ ಹೇಳಿರುತ್ತೇನೆ ಎಂದಳು. ಶಿಗ್ಗಾವಿಯಲ್ಲಿ ಗಾಡಿ ನಿಂತಾಗ ಆಸ್ಪತ್ರೆಯ ಬಾಗಿಲಲ್ಲೇ ಸ್ಟ್ರೆಚರ್ ಕಾದಿತ್ತು. ಮಾವನನ್ನು ಇಳಿಸುವಾಗ ಅವರ ಉಸಿರು ಜೋರಾಗಿ, ಆಳವಾಗಿ ಬರುತ್ತಿತ್ತು. ಆ ಉಸಿರಿನಲ್ಲಿ ಅತಿಯಾಗಿ ಮಾಗಿದ ಹಣ್ಣಿನ ಸಿಹಿ ವಾಸನೆ ಇತ್ತು. ಮೂಸುವುದೇ ನನ್ನ ಉದ್ಯೋಗ. ಆದರೂ ಅದು ಆ ಸ್ಪಿರಿಟ್ಟಿನದೇ ಎಂದು ನಾನು ತೀರ್ಮಾನಿಸಿದೆ.

ಡಾಕ್ಟರಿಗೂ ನಾನು ಅದೇ ಹೇಳಿದೆ, ವಿಷದ ಬಿಯರು ಎಂದು. ಆಕೆ ಕೇಳಿಸಿಕೊಂಡರು, ಆದರೆ ಅಷ್ಟಕ್ಕೇ ಬಿಡಲಿಲ್ಲ. ಬಗ್ಗಿ ಮಾವನ ಉಸಿರು ಮೂಸಿದರು. ನಾಲಿಗೆ ನೋಡಿದರು. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಸಣ್ಣ ಯಂತ್ರಕ್ಕೆ ಮುಟ್ಟಿಸಿದರು. ಯಂತ್ರದಲ್ಲಿ ಅಂಕಿಯೇ ಬರಲಿಲ್ಲ, ಅಳತೆ ಮೀರಿದೆ ಎಂಬ ಸೂಚನೆ ಮಾತ್ರ ಬಂತು. ಆಮೇಲೆ ಅಕ್ಕನ ಕಡೆ ತಿರುಗಿ ಕೇಳಿದರು.

"ಇವರಿಗೆ ಸಕ್ಕರೆ ಕಾಯಿಲೆ ಎಷ್ಟ್ ದಿನದಿಂದ ಐತ್ರೀ?"

ಅಕ್ಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರಿಗೆ ಯಾವ ಕಾಯಿಲೆಯೂ ಇಲ್ಲ ಎಂದಳು. ನೀರಡಿಕೆ ಹೇಗೆ, ಮೂತ್ರಕ್ಕೆ ಎದ್ದು ಹೋಗುವುದು ಹೇಗೆ ಎಂದು ಡಾಕ್ಟರು ಒಂದೊಂದಾಗಿ ಕೇಳಿದರು. ಸಾಹೇಬರು ಬಾಗಿಲ ಹತ್ತಿರದಿಂದ, ಈ ಸೀಜನ್ನಿನಲ್ಲಿ ತೋಟಕ್ಕೆ ತಂದ ನೀರಿನ ಕ್ಯಾನು ಪೂರ್ತಿ ಇವರೊಬ್ಬರಿಗೇ ಸಾಲುತ್ತಿರಲಿಲ್ಲ ಎಂದರು. ಅವರು ಮೂತ್ರಕ್ಕೆ ಹೋಗಿ ಬಂದ ಬಚ್ಚಲಿಗೆ ಇರುವೆ ಮುತ್ತುತ್ತಿದ್ದವು, ತಾನು ಇರುವೆ ಪುಡಿ ಹಾಕಿ ಸುಮ್ಮನಾಗುತ್ತಿದ್ದೆ ಎಂದು ಅಕ್ಕ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ಅರ್ಥವಾಗತೊಡಗಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಕುಸಿದಳು.

ಡಾಕ್ಟರು ಸಲೈನ್ ಹಚ್ಚಿ, ಇನ್ಸುಲಿನ್ ಶುರು ಮಾಡಿದರು. ರಕ್ತದಲ್ಲಿ ಸಕ್ಕರೆ ಇಷ್ಟು ಏರಿದರೆ ಕಣ್ಣು ಮಂಜಾಗುವುದೂ, ಉಸಿರಿಗೆ ಹಣ್ಣಿನ ವಾಸನೆ ಬರುವುದೂ, ಪ್ರಜ್ಞೆ ತಪ್ಪುವುದೂ ಉಂಟು ಎಂದು ನಮಗೆ ವಿವರಿಸಿದರು. ಆದರೆ ನೀವು ಹೇಳಿದ ವಿಷ ಇಲ್ಲವೇ ಇಲ್ಲ ಎಂದು ನಾನು ಈಗಲೇ ಹೇಳಲಾರೆ ಎಂದೂ ಸೇರಿಸಿದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಹೋದೆವು, ಹೆಂಡತಿಯೂ ಜೊತೆಗೆ ಬಂದಳು. ವಿಷವಿಲ್ಲ ಎಂಬ ವರದಿ ಬರುವವರೆಗೆ ನಾನು ಐಸಿಯು ಹೊರಗೆ ಕುಳಿತು, ಎದುರಿನ ಗೋಡೆಯ ಕ್ಯಾಲೆಂಡರಿನ ಚಿಕ್ಕ ಅಕ್ಷರಗಳನ್ನು ಓದುತ್ತಲೇ ಇದ್ದೆ. ವರದಿ ಬಂದ ಮೇಲೂ ಓದುತ್ತಿದ್ದೆ. ಹೆಂಡತಿ ನನ್ನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಾಗಲೇ ನಿಲ್ಲಿಸಿದ್ದು.

ಮಾವನಿಗೆ ಪ್ರಜ್ಞೆ ಬಂತು. ಕಣ್ಣು ಮಾತ್ರ ಕೂಡಲೇ ತಿಳಿಯಾಗಲಿಲ್ಲ. ಸಕ್ಕರೆ ಇಳಿದ ಹಾಗೆ ನಿಧಾನಕ್ಕೆ ಸರಿಹೋಗುತ್ತದೆ ಎಂದು ಡಾಕ್ಟರುಗಳು ಹೇಳಿದ್ದರು. ಮಾವ ನಂಬಿರಲಿಲ್ಲ. ಹಾಸಿಗೆಯಲ್ಲಿ ಮಲಗಿ ತಮ್ಮ ಕೈಬೆರಳುಗಳನ್ನು ಮುಖದ ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದರು. ಗಾಡಿಯ ಮಾತು ಬಂದರೆ ಗೋಡೆಯ ಕಡೆ ಹೊರಳುತ್ತಿದ್ದರು. ನನ್ನ ಜೊತೆ ಒಮ್ಮೆ ಮಾತ್ರ ಆ ವಿಷಯ ತೆಗೆದರು. ಕಣ್ಣು ಹೋದ ಡ್ರೈವರನನ್ನು ಬಾಡಿಗೆಗೆ ಯಾರು ಕರೆಯುತ್ತಾರೆ ಎಂದು ಕೇಳಿದರು. 

ಅವರನ್ನು ಮನೆಗೆ ಕರೆತರುವ ಮೊದಲು ನಾನೊಬ್ಬನೇ ಬಸ್ಸು ಹಿಡಿದು ಚಿಕ್ಕೇರೂರಿಗೆ ಹೋಗಿ ಬಂದೆ. ವಿಷದ ಸುದ್ದಿ ನನಗಿಂತ ಮೊದಲೇ ಹಿರೇಕೆರೂರಿನವರೆಗೂ ಹಬ್ಬಿತ್ತು. ಬಸ್ಸಿನಲ್ಲಿ ಪಕ್ಕದವನು, ಆ ಊರಿನಲ್ಲಿ ಬಿಯರು ಕುಡಿದು ಒಬ್ಬ ಸತ್ತಿದ್ದಾನಂತೆ ಎಂದು ನನಗೇ ಹೇಳಿದ. ಕಿರಾಣಿ ಅಂಗಡಿಯ ಬಾಗಿಲು ಮುಚ್ಚಿತ್ತು. ಆ ಹೆಣ್ಣುಮಗಳು ಮನೆಯೊಳಗಿಂದ ಹೊರಬರಲು ಹೆದರುತ್ತಿದ್ದಳು. ಅವಳ ಅಣ್ಣ ಚೆನ್ನಾಗಿದ್ದ, ಆದರೆ ಇವಳು ಎರಡು ದಿನ ಅವನನ್ನು ಮಲಗಲು ಬಿಡದೆ, ನಾನು ಕಾಣ್ತೇನಾ, ನಾನು ಕಾಣ್ತೇನಾ ಎಂದು ಕೇಳುತ್ತಲೇ ಇದ್ದಳಂತೆ. ವಿಷ ಇರಲಿಲ್ಲ, ಆಸ್ಪತ್ರೆಯವರು ಪರೀಕ್ಷೆ ಮಾಡಿದ್ದಾರೆ ಎಂದು ಅಂಗಡಿ ಕಟ್ಟೆಯ ಮೇಲೆ ನಿಂತು ನಾಲ್ಕು ಜನರಿಗೆ ಕೇಳಿಸುವಂತೆ ಹೇಳಿದೆ. ಕೆಲವರು ನಂಬಿದರು.

ಬಾಟ್ಲಿಗಳನ್ನು ಎಲ್ಲಿ ಇಡುತ್ತಿದ್ದೆ ಎಂದು ಅವಳನ್ನು ಕೇಳಿದೆ. ಹಿಂದಿನ ಗೋಡೆಯ ಮೇಲೆ, ತಗಡಿನ ಚಾವಣಿಯ ಕೆಳಗೆ, ಗೋಣಿಚೀಲದಲ್ಲಿ ಸುತ್ತಿ ಇಡುತ್ತಿದ್ದಳು. ಯಾರಾದರೂ ತಪಾಸಣೆಗೆ ಬಂದರೆ ಕಾಣಬಾರದು ಎಂದು. ಯುಗಾದಿಗೂ ಮೊದಲು ತಂದ ಮಾಲು ಅದು. ನಾನು ಕೈ ಮೇಲೆತ್ತಿ ತಗಡನ್ನು ಮುಟ್ಟಿ ನೋಡಿದೆ, ಚುರ್ ಎಂದಿತು. ಇಡೀ ಬೇಸಿಗೆ ಅಲ್ಲಿ ಬೆಂದ ಬಿಯರಿಗೆ ರಟ್ಟಿನ ರುಚಿ ಬರದೆ ಇನ್ನೇನು ಬರುತ್ತದೆ? ಮುಚ್ಚಳದ ತುಕ್ಕು, ತಂಪಿರಲೆಂದು ಅವಳು ನೀರು ಚಿಮುಕಿಸುತ್ತಿದ್ದ ಗೋಣಿಚೀಲದ್ದು; ಚಾವಣಿಯ ಕೆಳಗೆ ತುರುಕುವಾಗ ಅಂಚು ಬಾಗಿತ್ತು. ಮೂಗು ಸುಟ್ಟದ್ದು ಊರಿನವರು ಇಷ್ಟಪಡುವ ಸ್ಟ್ರಾಂಗ್ ಬಿಯರಿನ ಅಮಲು. ಅದೇ ಹೆಸರಿನದು ಹೊರದೇಶಕ್ಕೆ ಹೋಗುವಾಗ ಸೌಮ್ಯವಾಗಿ ತಯಾರಾಗುತ್ತದೆ. ನಮ್ಮ ಹೋಟೆಲಿನಲ್ಲಂತೂ ಬಂದ ಗಳಿಗೆಯಿಂದ ತಂಪು ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಇಷ್ಟೆಲ್ಲ ನನಗೆ ಮೊದಲೇ ಗೊತ್ತಿದ್ದ ಸಂಗತಿಗಳೇ. ಆ ಬೆಳಿಗ್ಗೆ ಹೆದರಿಕೆ ಬಂದು ಕುಳಿತ ಮೇಲೆ ಒಂದೂ ನೆನಪಿಗೆ ಬರಲಿಲ್ಲ.

ಮಳೆ ಹಿಡಿದ ಮೇಲೆ ನಾನು ಹೋಟೆಲಿನ ಕೆಲಸಕ್ಕೆ ವಾಪಸು ಬಂದೆ. ಮಾವನ ಕಣ್ಣು ಈಗ ತಿಳಿಯಾಗಿದೆ. ದಿನಕ್ಕೆ ಎರಡು ಸಲ ಅಕ್ಕ ಹೊಟ್ಟೆಗೆ ಇಂಜೆಕ್ಷನ್ ಚುಚ್ಚುತ್ತಾಳೆ, ಅವರು ಮುಖ ಆಚೆ ತಿರುಗಿಸಿಕೊಂಡು ಕೂರುತ್ತಾರೆ. ಬಿಯರು ಬಿಟ್ಟಿದ್ದಾರೆ. ಮೊದಲ ಸಲ ಮತ್ತೆ ಗಾಡಿ ಹತ್ತಿದ ದಿನ ಸವಣೂರಿನವರೆಗೆ ಸಾಹೇಬರು ಪಕ್ಕದಲ್ಲೇ ಕುಳಿತು ಹೋಗಿದ್ದರಂತೆ. ರುಚಿ ಯಾಕೆ ಬೇರೆಯಾಗಿತ್ತು ಎಂದು ನಾನು ಫೋನಿನಲ್ಲಿ ತಗಡಿನ ಕಥೆಯನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, ಹಂಗಾದ್ರ ತಂಪಿನ ಕೋಣಿ ಹೊರಗಿನವರಿಗೆ, ಕಾದ ತಗಡು ನಮಗ, ಅಲ್ಲೇನು ಎಂದರು. 

ನನ್ನೊಳಗಿನ ಅಂಜಿಕೆ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಕೆಲಸದ ಹೊತ್ತಿನಲ್ಲಿ ಅಕ್ಕನ ಹೆಸರು ಫೋನಿನ ಮೇಲೆ ಮೂಡಿದರೆ ಕೂಡಲೇ ಎತ್ತಲು ಕೈ ಬರುವುದಿಲ್ಲ. ಪೆಟ್ಟಿಗೆಗಳ ಸಾಲಿನ ನಡುವೆ ನಿಂತು ಒಮ್ಮೆ ಉಸಿರು ಎಳೆದುಕೊಂಡು, ಆಮೇಲೆ ಎತ್ತುತ್ತೇನೆ. ಅವಳು ಬಹುತೇಕ ಕೇಳುವುದು ಊಟ ಆಯಿತೇ ಎಂದು.